ಸಿಂಗಾಪುರ ಬರುವ ತನಕ

ಹಟ್ಟಿಕೇರಿಯ ಬೀರು ಗೌಡನ ಮಗಳು ವೀಣಾ ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆದಾಗ ಊರವರಿಗೆ ಅದೆಂಥ ಕೆಲಸವೆಂದೇ ತಿಳಿಯಲಿಲ್ಲ. "ನೇವಿ ಅಲ್ಲಾ, ಸಾಮಾನು ಸಾಗ್ಸೂ ಹಡಗು" ಎಂದು ಬಿಡಿಸಿ ಹೇಳಿ ಹೇಳಿ ಬೀರು ಸೋತಿದ್ದ. ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬೇಲೆಕೇರಿಯ ದಡದಿಂದ ಅದಿರಿನ ಹಡಗು ತೋರಿಸುತ್ತಿದ್ದವನು ಅವನೇ. ಮಗಳು ಕಡಲಿಗೆ ಹೋಗುತ್ತೇನೆಂದಾಗ ಬೇಡವೆನ್ನಲು ಅವನಿಗೆ ಬಾಯಿರಲಿಲ್ಲ.

ಅವಳ ಗಂಡ ಸಂದೀಪ ಕಾರವಾರದ ಬಳಿಯ ಶಿರವಾಡದವನು. ಮೂಲ ಊರು ಚೆಂಡಿಯಾ; ಅಲ್ಲಿನ ಮನೆ, ಗದ್ದೆ ನೌಕಾನೆಲೆಗೆ ಹೋದ ಮೇಲೆ ಇತ್ತ ಬಂದ ಕುಟುಂಬ. ಅವನೀಗ ಅದೇ ನೌಕಾನೆಲೆಯೊಳಗೆ ಗುತ್ತಿಗೆಯ ಮೇಲೆ ವೈರಿಂಗ್ ಕೆಲಸ ಮಾಡುತ್ತಿದ್ದ. ಮಗಳು ಪುಟ್ಟು ಹುಟ್ಟಿದ ಮೇಲೂ ವೀಣಾ ಕೆಲಸ ಬಿಡಲಿಲ್ಲ. ಆರೇಳು ತಿಂಗಳು ನೀರಿನ ಮೇಲೆ, ಮೂರ್ನಾಲ್ಕು ತಿಂಗಳು ಮನೆಯಲ್ಲಿ. ಅವಳಿಲ್ಲದಾಗ ಮಗು ಅತ್ತೆ ಗೋದಾವರಿಯ ಮಡಿಲಲ್ಲಿ. ಆಯಿ, ಅಂದರೆ ಅಮ್ಮ, ರಜೆ ಮುಗಿಸಿ ಹೊರಡುವ ದಿನ ಪುಟ್ಟು ಬಾಗಿಲ ಹಿಂದೆ ಅಡಗಿಕೊಳ್ಳುತ್ತಿದ್ದಳು. ಹುಡುಕಲು ಹೋದರೆ ಕಾಲು ಮುಂದೆ ಬಾರದೆಂದು ವೀಣಾ ಹುಡುಕದೆಯೇ ಹೊರಟುಬಿಡುತ್ತಿದ್ದಳು.

ಆ ವರ್ಷ ಚೌತಿಗೆ ಬರುವೆನೆಂದು ಮಗುವಿಗೆ ಮಾತು ಕೊಟ್ಟಿದ್ದಳು. ಆದರೆ ಚೀಫ್ ಆಫೀಸರ್ ಆಗಲು ಇನ್ನೊಂದಿಷ್ಟು ಕಾಲ ಕಡಲ ಮೇಲೆ ದುಡಿದಿರಬೇಕಿತ್ತು. ಇನ್ನೊಂದು ಪ್ರಯಾಣ ಮುಗಿಸಿಯೇ ಇಳಿಯುತ್ತೇನೆಂದು ಕಂಪನಿಗೆ ಅವಳೇ ಹೇಳಿದಳು. ಹಡಗು ಬ್ರೆಜಿಲಿನಲ್ಲಿ ಅದಿರು ತುಂಬಿಕೊಂಡು ಚೀನಾದತ್ತ ಹೊರಟಿತು.

ಚೌತಿಯ ಮರುದಿನ ಮಧ್ಯಾಹ್ನ, ಹಡಗು ನಡುಗಡಲಿನಲ್ಲಿರುವಾಗ, ಸಂದೀಪನ ಫೋನು ಬಂತು.

"ಪುಟ್ಟುಗೆ ಜ್ವರ ತಲಿಗೇರ್ಯದೆ. ಫಿಟ್ಸ್ ಬಂತು. ಗೋವಾಕ್ಕೆ ಕರ್ಕಂಡ್ ಬಂದೇವೆ."

ಕಾರವಾರದವರು ಗಡಿ ದಾಟಿ ಗೋವಾದ ಆಸ್ಪತ್ರೆಗೆ ಹೋದರೆಂದರೆ ಕಾಯಿಲೆ ಎಂಥದೆಂದು ಬೇರೆ ಹೇಳಬೇಕಿಲ್ಲ. ವೀಣಾ ಕೇಳಿದಳು: "ಡಾಕ್ಟ್ರು ಎಂತ ಅಂದ್ರು?"

"ಮಿದುಳು ಜ್ವರ ಅಂತ್ರು. ಕಣ್ಣೇ ಬಿಡ್ತಾ ಇಲ್ಲ, ವೀಣಾ."

ಲೈನು ಅಲ್ಲಿಗೇ ಕಡಿದುಹೋಯಿತು.

ಅವಳು ಕ್ಯಾಪ್ಟನ್ ಬಳಿಗೆ ಓಡಿದಳು. ಅವನು ಕೆಟ್ಟವನಲ್ಲ. ನಕ್ಷೆಯತ್ತ ನೋಡಿ, "ಹೆಲಿಕಾಪ್ಟರ್ ಬರುವಷ್ಟು ಹತ್ತಿರ ಯಾವ ದಡವೂ ಇಲ್ಲಮ್ಮ. ಸಿಂಗಾಪುರದಲ್ಲಿ ಇಳಿಸಿಕೊಡುತ್ತೇನೆ" ಎಂದ. ಹಡಗಿನ ದಾರಿ ಗೊತ್ತುಮಾಡುವುದು ಸೆಕೆಂಡ್ ಆಫೀಸರರ ಕೆಲಸ. ಆ ನಕ್ಷೆಯ ಗೆರೆ ಎಳೆದವಳು ಅವಳೇ. ಸಿಂಗಾಪುರ ಎಷ್ಟು ದೂರವೆಂದು ಯಾರೂ ಅವಳಿಗೆ ತಿಳಿಸಿ ಹೇಳಬೇಕಿರಲಿಲ್ಲ.

ಅದಿರು ಹೊತ್ತ ಹಡಗು ತುಂಬು ಗಬ್ಬದ ಎಮ್ಮೆಯ ಹಾಗೆ ಸಾಗುತ್ತಿತ್ತು. ಅವಳು ಪಾಳಿಗೆ ನಿಲ್ಲುವಳು, ಪಾಳಿ ಮುಗಿಸಿ ಬಾತ್‌ರೂಮಿನಲ್ಲಿ ಟವೆಲ್ಲು ಕಚ್ಚಿಕೊಂಡು ಅಳುವಳು, ಮುಖ ತೊಳೆದು ಮತ್ತೆ ಪಾಳಿಗೆ ನಿಲ್ಲುವಳು. ನೆಟ್ ಸಿಕ್ಕಾಗಲೆಲ್ಲ ತನ್ನ ಸ್ವರ ರೆಕಾರ್ಡ್ ಮಾಡಿ ಕಳಿಸುವಳು: "ಪುಟ್ಟೂ, ಆಯಿ ಬತ್ತದೆ. ಕಣ್ ಬಿಡು, ಮಗಾ." ಸಂದೀಪ ಐಸಿಯುನಲ್ಲಿ ನರ್ಸುಗಳನ್ನು ಕಾಡಿ ಬೇಡಿ ಫೋನನ್ನು ಮಗುವಿನ ಕಿವಿಗೆ ಹಿಡಿಯುತ್ತಿದ್ದ. ಸಿಂಗಾಪುರ ಇನ್ನೂ ದೂರವಿರುವಾಗಲೇ ಮಗು ಕಣ್ಣು ಬಿಟ್ಟಿತು. ಸುದ್ದಿ ತಿಳಿದ ಅಡುಗೆಯವನು ಹಡಗಿನವರಿಗೆಲ್ಲ ಪಾಯಸ ಮಾಡಿದ. ತನ್ನ ಸ್ವರ ಕೇಳಿಯೇ ಮಗು ಎದ್ದಿತೆಂದು ವೀಣಾ ಪೂರ್ತಿ ನಂಬಿದ್ದಳು.

ಸಿಂಗಾಪುರದಲ್ಲಿ ಇಳಿದು ವಿಮಾನ ಹಿಡಿದು ಅವಳು ತಲುಪಿದಾಗ, ಗೋವಾದ ಆಸ್ಪತ್ರೆಯಲ್ಲಿ ಪುಟ್ಟು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು.

"ಪುಟ್ಟೂ" ಎಂದಳು ವೀಣಾ. ಮಗು ತಿರುಗಲಿಲ್ಲ. "ಪುಟ್ಟೂ, ಆಯಿ ಬಂದದೆ ನೋಡು." ತಿರುಗಲಿಲ್ಲ. ಸಿಟ್ಟಿರಬೇಕು ಎಂದುಕೊಂಡಳು.

ಸಂದೀಪ ಅವಳ ತೋಳು ಹಿಡಿದ. "ಕರೀಬೇಡ. ಎರಡೂ ಕಿವಿ ಹೋಗ್ಯದೆ, ಎಂತದೂ ಕೇಳೂದಿಲ್ಲ. ನಿನ್ನೆ ಹೇಳಿದ್ರು."

"ಹಂಗಾರೆ ನಾ ಕಳ್ಸಿದ್ದು?"

ಅವನು ತಲೆ ತಗ್ಗಿಸಿದ.

ಮನೆಗೆ ಬಂದ ಮೇಲೆ ಯಾರಾದರೂ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಅತ್ತೆಯಂತೂ, "ನಾ ಮನಿಯಲ್ಲೇ ಇದ್ದೆ. ಮೈ ಬಿಸಿ ಅದೆ ಅಂತ ಕಷಾಯ ಕುಡ್ಸ್ತಾ ಕೂತೆ. ನೀ ಇದ್ರೆ ಮಾತ್ರ ಎಂತ ಮಾಡ್ತಿದ್ದೆ?" ಎಂದು ತಾನೇ ಅತ್ತಳು.

ಆಪರೇಷನ್ ಮಾಡಿ ಒಂದು ಕಿವಿಗೆ ಕೇಳಿಸುವ ಯಂತ್ರ ಕೂರಿಸಬಹುದು, ಫಲ ಎಷ್ಟೆಂದು ಹೇಳಲಾಗದು ಎಂದರು ಡಾಕ್ಟರು. ಕೂರಿಸಿದರು. ಮೊದಲ ಸಲ ಅದನ್ನು ಚಾಲೂ ಮಾಡಿದಾಗ ಪುಟ್ಟು ಕಿರುಚಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ವೀಣಾ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಕಂಪನಿಯಿಂದ ಕರೆ ಬಂತು. ಪರೀಕ್ಷೆಗೆ ಕೂತು ಪಾಸಾದರೆ ಚೀಫ್ ಆಫೀಸರ್ ಜಾಗ ಸಿಗುವುದಿತ್ತು. "ಹೋಗು" ಎಂದ ಸಂದೀಪ. "ನೀ ಮನಿಯಲ್ಲಿದ್ರೂ ಇಲ್ದಂಗೇ ಇದ್ದೆ. ಕಿಟಕಿ ಬಿಟ್ಟು ಏಳೂದಿಲ್ಲ."

"ಅಲ್ಲಿ ಹೋದ್ರೂ ಹಿಂಗೇ ಇರ್ತೆ" ಎಂದಳು ವೀಣಾ. ಕಂಪನಿಗೆ ಈ ಸಲ ಬರಲಾರೆನೆಂದು ತಿಳಿಸಿದಳು. ಮುಂದೆ ಯಾವಾಗ ಎಂದು ಅವರು ಕೇಳಿದರು. ಅವಳು ಫೋನು ಇಟ್ಟುಬಿಟ್ಟಳು.

ಈಗ ಪ್ರತಿ ಸೋಮವಾರ ತಾಯಿ ಮಗಳು ಮಾತು ಕಲಿಯಲು ಬಸ್ಸಿನಲ್ಲಿ ಗೋವಾಕ್ಕೆ ಹೋಗುತ್ತಾರೆ. ಕಲಿಸುವಾಕೆ ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು ಶಬ್ದ ಹೇಳುತ್ತಾಳೆ. ಪುಟ್ಟು ಹತ್ತಕ್ಕೆ ಒಂದನ್ನು ಗುರುತಿಸಿದರೆ ಹೆಚ್ಚು. ಹೋದ ವಾರ "ಅಜ್ಜಿ" ಎಂಬುದನ್ನು ಗುರುತಿಸಿ ಹೇಳಿದಳು. "ಆಯಿ" ಇನ್ನೂ ಸಿಕ್ಕಿಲ್ಲ. ವೀಣಾ ನಕ್ಕು ಚಪ್ಪಾಳೆ ತಟ್ಟಿದಳು, ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು.