ಒಣಗಬಾರದ ಉರುಳೆ

ಬಾಗಲಕೋಟೆಯಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಕಂಕುಳಲ್ಲಿ ಒದ್ದೆ ಟವೆಲ್ ಸುತ್ತಿದ, ಮೊಳದುದ್ದದ ಒಂದು ಉರುಳೆ. ನೋಡಿದವರು ಎಳೆಗೂಸು ಎಂದುಕೊಂಡಿರಬೇಕು. ಅದರೊಳಗೆ ಚಾಪೆಯಂತೆ ಸುತ್ತಿಟ್ಟಿದ್ದು ಬಣ್ಣದ ಕೊಳೆನೀರನ್ನು ಸೋಸುವ ಪೊರೆ. ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಇದ್ದದ್ದು ಇದೊಂದೇ.

"ಇದು ಒಣಗಿದ್ರ ಮುಗೀತ್ರಿ ಮೇಡಂ. ಸಣ್ಣ ತೂತೆಲ್ಲಾ ಮುಚ್ಚಿಬಿಡ್ತಾವ," ಎಂದು ಪ್ರಯೋಗಾಲಯದ ಸಹಾಯಕರು ಎರಡೆರಡು ಸಲ ಹೇಳಿ ಕಳಿಸಿದ್ದರು. ಮೊದಲೇ ನನ್ನದು ಹೆದರುವ ಜೀವ.

ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮಹಾದೇವಕ್ಕ ಇದಕ್ಕಾಗಿ ಕಾದಿದ್ದರು. ಅವರ ಹಿತ್ತಿಲ ಕೆಂಪು ನೀರು ಪಕ್ಕದ ಮನೆಯ ಬಾವಿಗೆ ಇಳಿಯುತ್ತಿತ್ತು. ಮರುದಿನವೇ ಅಧಿಕಾರಿಗಳ ತಪಾಸಣೆ. ಆಗಲೂ ಕೆಂಪು ನೀರೇ ಹರಿದರೆ ಅವರ ಕೆಲಸ ನಿಂತಂತೆಯೇ. ಪಂಪು, ಕೊಳವೆಗಳನ್ನು ಹೋದ ವಾರವೇ ಕೂಡಿಸಿಟ್ಟಿದ್ದೆವು.

ಹೆಂಗಸಾದ್ದರಿಂದ ನನಗೆ ಸೊನ್ನೆ ಟಿಕೆಟ್. ಕಿಟಕಿಯ ಬಿಸಿಗಾಳಿಗೆ ಟವೆಲ್ ಒಣಗುವುದು, ನಾನು ಬಾಟಲಿಯಿಂದ ನೀರು ಹನಿಸುವುದು, ಹೀಗೇ ನಡೆಯಿತು. ಅಮೀನಗಡದಲ್ಲಿ ಎಲ್ಲರೂ ಕರದಂಟು ಕೊಂಡರು. ನನಗೆ ಗಂಟಲಲ್ಲಿ ನೀರಿಳಿದರೆ ಸಾಕಾಗಿತ್ತು, ಆ ನೀರೂ ಉರುಳೆಗೇ ಹೋಗುತ್ತಿತ್ತು.

"ಮೇಡಂ, ಮೊದಲ ನೀವು ಕುಡೀರಿ," ಎಂದರು ಕಂಡಕ್ಟರ್.

ಹುನಗುಂದದಲ್ಲಿ ಬಸ್ ಬದಲಿಸಬೇಕಿತ್ತು. ನಿಲ್ದಾಣದಲ್ಲಿ ಪಕ್ಕಕ್ಕೆ ಕೂತಿದ್ದ ಒಬ್ಬ ಅಜ್ಜಿಯ ಕೈಗೆ ಉರುಳೆ ಕೊಟ್ಟು ನೀರಿನ ಬಾಟಲಿ ತರಲು ಹೋದೆ. ಬಂದು ನೋಡಿದರೆ, ಟವೆಲ್ಲನ್ನು ಗಟ್ಟಿಯಾಗಿ ಹಿಂಡಿ ಕಂಬಿಯ ಮೇಲೆ ಹರವಿದ್ದರು. ಉರುಳೆ ಬಿಸಿಲಲ್ಲಿ ನಿಂತಿತ್ತು.

"ಪೂರಾ ತೊಯ್ದಿತ್ತವಾ. ಅದಕ್ಕ ಒಣಾ ಹಾಕೇನಿ."

ಅವರ ಮುಖ ನೋಡಿ ಸಿಟ್ಟು ಮಾಡಲಾಗಲಿಲ್ಲ. "ಚಲೋ ಮಾಡಿದ್ರಿ ಅಜ್ಜಿ," ಎಂದು ಸುಳ್ಳು ಹೇಳಿ, ಇಡೀ ಬಾಟಲಿ ಸುರಿದು ಮತ್ತೆ ಸುತ್ತಿಕೊಂಡೆ. ಮುಟ್ಟಿದರೆ ತುದಿ ಬೆಚ್ಚಗಿತ್ತು. ಇಳಕಲ್ಲಿಗೆ ಅರ್ಧ ತಾಸಿನ ದಾರಿ. ಮಹಾದೇವಕ್ಕನಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ.

ಹಿತ್ತಿಲಿಗೆ ಹೋದೊಡನೆ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಉರುಳೆಯನ್ನು ಕೊಳವೆಯೊಳಗೆ ಕೂಡಿಸಿದರು. ಪಂಪು ಗುಂಯ್ ಎಂದಿತು. ಗಟ್ಟಿ ಬಣ್ಣದ ನೀರು ಒಂದು ಕಡೆಯಿಂದ ಡ್ರಮ್ಮಿಗೆ ಬಿತ್ತು. ಸೋಸಿದ ನೀರು ಬರಬೇಕಾದ ಇನ್ನೊಂದು ಕೊಳವೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ.

"ತಿಳಿ ಅದ, ಅಲ್ರಿ?" ಎಂದೆ.

"ನೀರು ನೋಡಿ ಹೇಳಾಕ ಬರೂದಿಲ್ರಿ." ಅವರು ಬಿಳಿ ನೂಲಿನ ಒಂದು ಲಡಿಯನ್ನು ಆ ನೀರಿನಲ್ಲಿ ಅದ್ದಿ ಹಗ್ಗಕ್ಕೆ ಹಾಕಿದರು. "ನೂಲು ಒಣಗಬೇಕು. ಒಣಗಿದ ಮ್ಯಾಲ ಖರೆ ಬಣ್ಣ ತಿಳೀತದ."

ಬೆಳಿಗ್ಗೆಯಿಂದ ಒಣಗದಿರಲಿ ಎಂದು ಬೇಡಿಕೊಂಡವಳು, ಈಗ ಹಗ್ಗದ ಕೆಳಗೆ ಕೂತು ಬೇಗ ಒಣಗಲಿ ಎಂದು ಬೇಡಿಕೊಂಡೆ. ಅದು ಒಣಗುವ ಮೊದಲೇ ಸಂಜೆಯ ಬಸ್ಸಿನ ಹೊತ್ತಾಯಿತು.

ಬಸ್ಸು ಹೊರಡುವಾಗ ಮಹಾದೇವಕ್ಕ ಓಡಿ ಬಂದರು. ಕೈಯಲ್ಲಿ ಎರಡು ಲಡಿ. ಕಿಟಕಿಗೆ ಹಿಡಿದರು.

"ಒಂದು ಅದ್ದಿದ್ದು, ಒಂದು ಅದ್ದಲಾರದ್ದು. ಅದ್ದಿದ್ದು ಯಾವುದು, ಹೇಳ್ರಿ ಮೇಡಂ."

ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆ, ಎರಡೂ ಒಂದೇ ಬಿಳುಪು. ಕೊನೆಗೆ ಅವರ ಎಡಗೈಯದನ್ನು ತೋರಿಸಿದೆ.

"ಅಲ್ರಿ," ಎಂದರು. ಅವರ ಕಣ್ಣು ತುಂಬಿತ್ತು.

ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಉತ್ತರ ತಪ್ಪಿದ್ದಕ್ಕೆ ಸಂತೋಷಪಟ್ಟದ್ದು ಅವತ್ತೇ ಮೊದಲು.