ನಿಲ್ಲುವ ಪ್ಲೇಟು

ನಮ್ಮ ಕಡೆ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಎನ್ನುವುದು ವಾಡಿಕೆ. ಹಳೆಯ ಪ್ಲೇಟುಗಳನ್ನು ಕೊಂಡು ಮಾರುವವನಾದ್ದರಿಂದ ಬಂಟ್ವಾಳದಿಂದ ಮೂಡಬಿದಿರೆಯವರೆಗೆ, ಆ ಕಡೆ ಬೆಳ್ತಂಗಡಿಯವರೆಗೆ ನಾನು ‘ಪ್ಲೇಟಿನವನು’. ಇದು ನನ್ನೆದುರು ಹೇಳುತ್ತಿದ್ದ ಹೆಸರು. ಹಿಂದಿನಿಂದ ಹೇಳುತ್ತಿದ್ದದ್ದು ‘ಬೊಜ್ಜದವನು’ ಎಂದು. ಬೊಜ್ಜವೆಂದರೆ ತುಳುವಿನಲ್ಲಿ ಉತ್ತರಕ್ರಿಯೆ. ಹಾಡು ಕೇಳುವವನು ಬದುಕಿರುವವರೆಗೆ ಯಾರೂ ಪ್ಲೇಟು ಮಾರುವುದಿಲ್ಲ. ಅವನು ತೀರಿಕೊಂಡು, ಬೊಜ್ಜ ಕಳೆದು, ನೆಂಟರೆಲ್ಲ ಹೋದ ಮೇಲೆ ಅಟ್ಟ ಖಾಲಿ ಮಾಡುವಾಗ ಮಾರುತ್ತಾರೆ. ಹಾಗಾಗಿ ಊಟದ ಎಲೆ ಎತ್ತುವ ಮೊದಲೇ ನಾನು ಅಂಗಳದಲ್ಲಿ ಹಾಜರು ಎಂದು ಜನ ಆಡಿಕೊಳ್ಳುತ್ತಿದ್ದರು.

ಅದು ಅನ್ಯಾಯದ ಮಾತು. ಬೇಗ ಹೋದರೆ ಹದ್ದಿನ ಹಾಗೆ ಕಾಣುತ್ತೇನೆ, ತಡವಾದರೆ ಗುಜರಿಯವನು ಹೊತ್ತುಕೊಂಡು ಹೋಗಿರುತ್ತಾನೆ ಎಂದು ಮನೆಯಲ್ಲಿ ಕುಳಿತು ಯೋಚಿಸಿ ಯೋಚಿಸಿ, ಕೊನೆಗೆ ನಾನು ಹೋಗುತ್ತಿದ್ದದ್ದು ಸಾಮಾನ್ಯವಾಗಿ ತಡವಾಗಿಯೇ.

ಯೋಚನೆ ನನ್ನ ನಿಜವಾದ ಕಸುಬು. ಪ್ಲೇಟು ಅದಕ್ಕೊಂದು ನೆಪ. ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮಳೆಗಾಲದಲ್ಲಿ ಕೊಡೆ ರಿಪೇರಿ, ಉಳಿದ ಕಾಲದಲ್ಲಿ ಪ್ಲೇಟು. ಹಿಂದೆ ಒಂದು ಕೋಣೆ, ಒಂದು ಅಡಿಗೆಮನೆ, ಮೇಲೆ ಅಟ್ಟ. ನೇತ್ರಾವತಿ ಹೊಳೆ ಉಕ್ಕಿ ಪೇಟೆಗೆ ಬರುವುದು ಹೊಸತೇನಲ್ಲವಾದ್ದರಿಂದ ಪ್ಲೇಟುಗಳೆಲ್ಲ ಅಟ್ಟದಲ್ಲಿ ಮಲಗುತ್ತಿದ್ದವು, ನಾನು ಕೆಳಗೆ. ಅಟ್ಟದ ಹಲಗೆ ಅಷ್ಟು ಭಾರ ತಡೆಯುತ್ತದೋ ಇಲ್ಲವೋ ಎಂದು ಮಲಗಿದಲ್ಲಿಂದಲೇ ನೋಡುತ್ತಿರುತ್ತಿದ್ದೆ. ಆ ಕಾಲದ ಪ್ಲೇಟು ಅರಗಿನದ್ದು. ಬಿದ್ದರೆ ಹೋಳು, ಬಿಸಿಲಿಗೆ ಇಟ್ಟರೆ ಹಪ್ಪಳ. ಮೂಡಬಿದಿರೆಯಿಂದ ಬರುವಾಗ ಬಸ್ಸಿನ ಯಾವ ಬದಿಗೆ ಬಿಸಿಲು ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಕುಳಿತು, ಕಟ್ಟನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಒಮ್ಮೆ ಒಬ್ಬ ಕಂಡಕ್ಟರು, ಮಗುವಿಗೆ ಹುಷಾರಿಲ್ಲವಾ ಎಂದು ಕೇಳಿದ್ದರು. ಮದುವೆಯಾಗದ ನನ್ನ ಮನಸ್ಸಿನಲ್ಲಿ ಅದು ಬಹಳ ದಿನ ಉಳಿದಿತ್ತು.

ಮೂಡಬಿದಿರೆಯ ಹೊರವಲಯದ ಒಂದು ಮನೆಗೂ ಹೀಗೆ ತಡವಾಗಿಯೇ ಹೋದೆ. ಅಲ್ಲಿ ತೀರಿಕೊಂಡವರು ಮಾತು ಕಡಿಮೆಯ, ಪ್ಲೇಟಿನ ಹುಚ್ಚಿನ ಯಜಮಾನರು. ಅವರದ್ದು ಅಳಿಯಕಟ್ಟಿನ ಕುಟುಂಬ. ಆ ಕ್ರಮದಲ್ಲಿ ಗಂಡಸಿನ ಮನೆ, ಗದ್ದೆ, ಮನೆಯೊಳಗಿನ ಸಾಮಾನು ಹೋಗುವುದು ಸಹೋದರಿಯ ಮಕ್ಕಳಿಗೆ. ಹೆಂಡತಿ ಬೊಜ್ಜ ಕಳೆದ ಮೇಲೆ ತವರಿಗೆ ಹೊರಡುತ್ತಾಳೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಆಕೆಗೂ ತವರಿನಲ್ಲಿ ಪಾಲು ಉಂಟು. ನಾನು ಹೋದಾಗ ಅಳಿಯ ಚಾವಡಿಯಲ್ಲಿ ಪ್ಲೇಟುಗಳನ್ನು ರಾಶಿ ಹಾಕಿದ್ದ. ಒಳ್ಳೆಯ ಹುಡುಗ, ಹಾಡಿನ ಗೋಜಿಲ್ಲ. ಪ್ರತಿಯೊಂದರ ನಡುವಿನ ಕಾಗದದ ಮೇಲೆ ಒಂದು ಕೆಂಪು ಬಣ್ಣದ ಬೊಟ್ಟು. ಮದುವೆ ಮನೆಗಳಿಗೆ ಪ್ಲೇಟು ಎರವಲು ಕೊಡುವವರು ಹೀಗೆ ಗುರುತು ಹಾಕಿಡುತ್ತಿದ್ದರು, ಬೇರೆಯವರದ್ದರ ಜೊತೆ ಬೆರೆಯಬಾರದೆಂದು. ನಾನು ಕಟ್ಟು ಕಟ್ಟುವಾಗ ಒಳಬಾಗಿಲಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಟ್ರಂಕು ಇಟ್ಟುಕೊಂಡು ನಿಂತಿದ್ದರು. ಯಾರೆಂದು ನಾನು ಕೇಳಲಿಲ್ಲ. ಕೆಂಪು ಬೊಟ್ಟಿನ ಪ್ಲೇಟುಗಳಲ್ಲಿ ಅರ್ಧಕ್ಕರ್ಧ ಮಾಣಿ ಜಂಕ್ಷನ್ನಿನ ಹೋಟೆಲಿನವರಿಗೆ ಹೋದವು.

ಒಂದು ಮಳೆಗಾಲ ಕಳೆದ ಮೇಲೆ ಬೆಳ್ತಂಗಡಿಯ ಸಂತೆಯಲ್ಲಿ ಯಾರೋ ನನ್ನನ್ನು ಹಿಡಿದು, ಇಂಥ ಮನೆಯ ಅಕ್ಕ ನಿಮ್ಮನ್ನು ಕಾಣಬೇಕಂತೆ ಎಂದರು. ಅಲ್ಲಿ ಬೊಜ್ಜ ಯಾರದ್ದು ಎಂದು ಕೇಳಿಬಿಟ್ಟೆ. ಯಾರದ್ದೂ ಅಲ್ಲವಂತೆ. ಜೀವವಿದ್ದ ಮನೆಯಿಂದ ನನಗೆ ಬಂದ ಮೊದಲ ಕರೆ ಅದು. ದಾರಿಯುದ್ದಕ್ಕೂ ಹೆದರುತ್ತಲೇ ಹೋದೆ.

ಟ್ರಂಕಿನ ಪಕ್ಕ ನಿಂತಿದ್ದ ಅದೇ ಹೆಂಗಸು. ಅಣ್ಣನ ಮನೆ, ತುಂಬಿದ ಮನೆ. ಒಳಗೆ ರೇಡಿಯೋ, ಹೊರಗೆ ಮಕ್ಕಳು. ಅವರಿಗೆಂದು ಜಗಲಿಯ ಕೊನೆಯಲ್ಲಿ ಒಂದು ಬೆಂಚು. ನನಗೆ ಬೆಲ್ಲ, ನೀರು ತಂದುಕೊಟ್ಟು, ಕೆಂಪು ಬೊಟ್ಟಿನ ಪ್ಲೇಟುಗಳಲ್ಲಿ ತನಗೆ ಒಂದೇ ಒಂದು ಬೇಕು ಎಂದರು. ನಾಟಕದ ಹಾಡು. ಹುಡುಗಿ ‘ಬಾರೋ’ ಎಂದು ಕರೆಯುವಲ್ಲಿ ಗೆರೆ ಬಿದ್ದು, ಮುಂದೆ ಹೋಗದೆ ಅಲ್ಲೇ ನಿಲ್ಲುವ ಪ್ಲೇಟು.

“ನಿಲ್ಲದೇ ಇರುವುದನ್ನೇ ಹುಡುಕಿ ಕೊಡ್ತೇನೆ ಅಕ್ಕ,” ಎಂದೆ, ವ್ಯಾಪಾರಿಯ ಉತ್ಸಾಹದಲ್ಲಿ.

“ಬೇಡ. ನಿಲ್ಲಬೇಕು.”

ಮತ್ತೆ ಅವರು ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು. ಯಜಮಾನರು ಮನೆಯಲ್ಲಿ ಮಾತಾಡುತ್ತಿದ್ದದ್ದು ಅಪರೂಪ. ಸಂಜೆ ಪ್ಲೇಟು ಹಾಕಿ ಆರಾಮ ಕುರ್ಚಿಯಲ್ಲಿ ಕುಳಿತರೆ ಮುಗಿಯಿತು. ಇವರು ಅಡಿಗೆಮನೆಯಲ್ಲಿ. ಈ ಹಾಡು ಮಾತ್ರ ನಡುವೆ ಸಿಕ್ಕಿಕೊಂಡು ಬಾರೋ, ಬಾರೋ, ಬಾರೋ ಎಂದು ಹಟ ಹಿಡಿಯುತ್ತಿತ್ತು. ಆಗ ಕುರ್ಚಿ ಕಿರುಗುಡುತ್ತಿತ್ತು, ಯಜಮಾನರು ಎದ್ದು ಬಂದು ಪಿನ್ನು ಎತ್ತಿ ಮುಂದಿಡುತ್ತಿದ್ದರು. ಏಳುವಾಗ ಪ್ಲೇಟಿಗೆ ಹೇಳುತ್ತಿದ್ದರು, “ಬತ್ತೆ, ಬತ್ತೆ.” ತುಳುವಿನಲ್ಲಿ, ಬಂದೆ, ಬಂದೆ.

“ಒಳಗೆ ನನಗೆ ಕೇಳ್ತಿತ್ತು,” ಎಂದರು ಅಕ್ಕ. “ಅಷ್ಟೇ.”

ಮಾಣಿಗೆ ಹೋದೆ. ಹೋಟೆಲಿನವರು ಕೊಡಲಿಕ್ಕೆ ಒಪ್ಪಲಿಲ್ಲ. ಆ ಹಾಡು ಹಾಕಿದರೆ ಲಾರಿಯವರು ಇನ್ನೊಂದು ಚಾ ಹೇಳುತ್ತಾರಂತೆ. “ಕೊಟ್ಟದ್ದನ್ನು ವಾಪಸ್ ಕೇಳುವ ಬೊಜ್ಜದವರನ್ನು ನಾನು ನೋಡಿದ್ದು ಇದೇ ಮೊದಲು ಮಾರಾಯ್ರೆ,” ಎಂದು ನಕ್ಕರು. ಗಿರಾಕಿಗಳ ಎದುರು ಅಕ್ಕನ ಮಾತನ್ನು ಬಿಚ್ಚಿಡುವುದು ಹೇಗೆ? ಚಾ ಕುಡಿದು ಬಂದೆ.

ಅದೇ ಹಾಡಿನ ಬೇರೆ ಪ್ಲೇಟು ಹುಡುಕಿದೆ. ಅದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ನಡುನಡುವೆ ಬೆಳ್ತಂಗಡಿಗೆ ಹೋಗಿ, ಸಿಗಲಿಲ್ಲ ಅಕ್ಕ ಎಂದು ಹೇಳಿ ಬರುತ್ತಿದ್ದೆ. ಕಾರ್ಡು ಬರೆದರೂ ಸಾಕಿತ್ತು. ಆದರೆ ಅಲ್ಲಿ ಬೆಲ್ಲ, ನೀರು ಆದ ಮೇಲೆ ಕಾಫಿ ಬರುತ್ತಿತ್ತು, ಬಸ್ಸಿನಲ್ಲಿ ಜನ ಇತ್ತಾ ಎಂದು ಒಬ್ಬರು ಕೇಳುತ್ತಿದ್ದರು. ನನ್ನ ಬಸ್ಸಿನ ವಿಷಯ ಯಾರಾದರೂ ಕೇಳಿ ವರ್ಷಗಳಾಗಿದ್ದವು. ನಾನು ವಿವರವಾಗಿಯೇ ಹೇಳುತ್ತಿದ್ದೆ.

ಕೊನೆಗೆ ಹೊಸತರಂತಿದ್ದ ಒಂದು ಪ್ಲೇಟು ಸಿಕ್ಕಿತು. ಒಂದು ಸಲ ಹಾಕಿ ನೋಡುವ ಎಂದು ಪೆಟ್ಟಿಗೆ ಗ್ರಾಮಫೋನು ಹೊತ್ತುಕೊಂಡೇ ಹೋದೆ. ಹಾಡು ನೀರಿನ ಹಾಗೆ ಹರಿಯಿತು. ಅಕ್ಕ ಕೇಳಿದರು, ಚೆನ್ನಾಗುಂಟು ಎಂದರು, ಮರಳಿ ಕೊಟ್ಟರು. ಬೆಂಚಿನ ಮೇಲೆ ಕೂತು ದೂರ ನೋಡಿದ ಅವರ ಮುಖವೇ ಕಣ್ಣಮುಂದಿದ್ದು, ಬರುವಾಗ ಬಸ್ಸಿನಲ್ಲಿ ಬಿಸಿಲಿನ ಬದಿಗೆ ಕುಳಿತದ್ದೂ ನನಗೆ ತಿಳಿಯಲಿಲ್ಲ.

ಪುಂಜಾಲಕಟ್ಟೆ ದಾಟುವಾಗ ಬುದ್ಧಿ ಬಂತು. ಕಟ್ಟನ್ನು ನೆರಳಿಗೆ ಸರಿಸಿದೆ, ಮನೆಗೆ ಹೋಗದೆ ಸೀದಾ ಮಾಣಿಗೆ ಹೋದೆ. ಹೊಸತರಂತಿರುವುದು ನಿಮಗೆ, ಹಳತು ನನಗೆ ಎಂದಾಗ ಹೋಟೆಲಿನವರು, ಇವನಿಗೆ ತಲೆ ಕೆಟ್ಟಿದೆ ಎಂಬ ಕನಿಕರದಲ್ಲಿ ಒಪ್ಪಿದರು. ಕೆಂಪು ಬೊಟ್ಟಿನ ಪ್ಲೇಟು ಆಗ ತಿರುಗುತ್ತಲೇ ಇತ್ತು. ಬಾರೋ ಬಂತು, ನಿಲ್ಲದೆ ಮುಂದೆ ಹೋಯಿತು. ನೋಡಿದರೆ ಪಿನ್ನು ಸಿಕ್ಕಿಸುವ ತಲೆಯ ಮೇಲೆ ಒಂದು ದಪ್ಪ ನಾಣ್ಯವನ್ನು ಮೇಣದಲ್ಲಿ ಅಂಟಿಸಿದ್ದರು.

“ಮೊದಲು ಕೊರಳು ಹಿಡಿದ ಹಾಗೆ ನಿಲ್ತಿತ್ತು,” ಎಂದರು ಹೆಮ್ಮೆಯಿಂದ. “ನಾಣ್ಯ ಇಟ್ಟೆ. ಈಗ ಹೇಗೆ ಹೋಗ್ತದೆ ನೋಡಿ.”

ಭಾರ ಹೇರಿದರೆ ಪಿನ್ನು ಗೆರೆಯನ್ನು ಉತ್ತುಕೊಂಡು ಹೋಗಿ, ಸಿಕ್ಕಿಕೊಳ್ಳುವ ಜಾಗವನ್ನೇ ಸವೆಸಿಬಿಡುತ್ತದೆ. ಪಿನ್ನನ್ನು ಅವರು ಎಂದಾದರೂ ಬದಲಿಸಿದ್ದರೋ ಇಲ್ಲವೋ, ಕೇಳಲು ಧೈರ್ಯವಾಗಲಿಲ್ಲ. ನಾಣ್ಯದ ಬಲದಿಂದ ಹೋಗುತ್ತಿದ್ದಿರಬಹುದು, ನಾಣ್ಯವಿಲ್ಲದಿದ್ದರೆ ನಿಂತೀತು ಎಂದು ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಹಾಕಿ ನೋಡಬಹುದಿತ್ತು. ಆದರೆ ಇನ್ನೊಂದು ಸಲ ಹಾಕಿದರೆ ಉಳಿದ ತಡೆಯೂ ಸವೆದರೆ? ಆ ವಾರವೆಲ್ಲ ಪ್ಲೇಟು ಅಟ್ಟದಲ್ಲಿ, ನಾನು ಕೆಳಗೆ, ಇಬ್ಬರೂ ಸುಮ್ಮನೆ.

ಬೆಳ್ತಂಗಡಿಯಲ್ಲಿ ಅಕ್ಕ ಮೊದಲು ನೋಡಿದ್ದು ಬೊಟ್ಟನ್ನು. ಅದರ ಮೇಲೆ ಬೆರಳಾಡಿಸಿದರು. ಹೊಸ ಪಿನ್ನು ಹಾಕಿದೆ, ಕೀ ಕೊಟ್ಟೆ. ಒಳಗಿನ ರೇಡಿಯೋ ನಿಲ್ಲಿಸಲು ಅವರೇ ಹೇಳಿ ಬಂದರು. ಆ ಮನೆಯವರಿಗೆ ಅವರು ಏನನ್ನಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಡು ಶುರುವಾಯಿತು. ಸೆರಗನ್ನು ಕೈಯಲ್ಲಿ ಸುತ್ತಿಕೊಂಡು, ಬಾಗಿಲ ಕಡೆಗೆ ಕಿವಿ ಕೊಟ್ಟು ಕುಳಿತರು, ಅಡಿಗೆಮನೆಯಲ್ಲಿ ಇರುವವರ ಹಾಗೆ. ಬಾರೋ ಬಂತು. ಪಿನ್ನು ಒಂದು ಕ್ಷಣ ತೊದಲಿತು. ನಾವಿಬ್ಬರೂ ಮುಂದೆ ಬಾಗಿದೆವು. ಮತ್ತೆ ಹಾಡು ಹಾಗೆಯೇ ಸಾಗಿ, ಮುಗಿದು, ಬರೀ ಗೊರಗೊರ ಕೇಳಿತು. ಪಿನ್ನು ಎತ್ತಲು ನಾನು ಮರೆತಿದ್ದೆ.

“ಈಗ ಯಾರೂ ಏಳಬೇಕೆಂದಿಲ್ಲ,” ಎಂದರು ಅಕ್ಕ.

ಇನ್ನೊಮ್ಮೆ ಹಾಕುವ ಎಂದೆ. ಬೇಡವೆಂದರು. ಪ್ಲೇಟನ್ನು ಸೆರಗಿನಿಂದ ಒರೆಸಿ, ಕಾಗದದ ಕವರಿಗೆ ಹಾಕಿ, ಇಲ್ಲಿ ಮಕ್ಕಳು ಒಡೆದಾರು ಎಂದು ನನ್ನ ಕೈಗೇ ಕೊಟ್ಟರು. ಕಾಫಿ ಬಂತು. ನಾನು ಲೋಟ ಕೆಳಗಿಡುವಾಗ ಕೇಳಿದರು:

“ನಿಮ್ಮಲ್ಲಿ ನಿಲ್ಲುವ ಪ್ಲೇಟು ಉಂಟಾ?”

“ಬೇಕಾದಷ್ಟು ಉಂಟು ಅಕ್ಕ. ಯಾರೂ ತಕ್ಕೊಳ್ಳುವುದಿಲ್ಲ.”

“ನಿಂತಾಗ ಏನು ಮಾಡ್ತೀರಿ?”

“ಎದ್ದು ಎತ್ತಿ ಇಡ್ತೇನೆ.”

“ಸುಮ್ಮನೆಯಾ?”

“ಯಾರಿಗೆ ಏನು ಹೇಳುವುದು ಅಕ್ಕ?”

ಅಕ್ಕ ಲೋಟ ಎತ್ತಿಕೊಂಡರು. “ಅವರೂ ನನಗೆ ಅಂತ ಹೇಳಿದ್ದಲ್ಲ,” ಎಂದರು.

ಹುಡುಕುವುದು ಮುಗಿದಿತ್ತು, ಹೋಗಲು ನೆಪವಿರಲಿಲ್ಲ. ನೆಪವಿಲ್ಲದೆ ಹೋಗುವುದೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಜನ ಏನೆಂದಾರು ಎಂದು ಯೋಚಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಕೆಲವು ವರ್ಷ ಕಳೆದು ಆ ಮನೆಯಲ್ಲಿ ಅಕ್ಕನ ಬೊಜ್ಜವೆಂದು ಕೇಳಿದೆ. ಅಂದು ಮಾತ್ರ ತಡಮಾಡದೆ ಹೋದೆ. ಊಟಕ್ಕೆ ಕುಳಿತೆ. ಇಲ್ಲಿ ಪ್ಲೇಟು ಇಲ್ಲವಲ್ಲ ಮಾರಾಯ್ರೆ ಎಂದು ಪಕ್ಕದ ಎಲೆಯವರು ಹೇಳಿದರು. ಹೌದು, ಇಲ್ಲ ಎಂದೆ.

ಈಗ ಊರೆಲ್ಲ ಟ್ರಾನ್ಸಿಸ್ಟರು. ಅರಗಿನ ಪ್ಲೇಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಬಗ್ಗಿಸಿ, ಹೂಕುಂಡ ಮಾಡುತ್ತಾರೆ. ಒಳ್ಳೆಯವೆಲ್ಲ ಮಾರಿ ಹೋಗಿ, ನನ್ನ ಅಟ್ಟದಲ್ಲಿ ಉಳಿದಿರುವುದು ಹೆಚ್ಚಾಗಿ ನಿಲ್ಲುವ ಪ್ಲೇಟುಗಳು, ಜೊತೆಗೆ ನಿಲ್ಲುವುದನ್ನು ಬಿಟ್ಟ ಕೆಂಪು ಬೊಟ್ಟಿನದೊಂದು. ಸಂಜೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ಯಾವುದಾದರೊಂದನ್ನು ಹಾಕುತ್ತೇನೆ. ಅದು ಎಲ್ಲೋ ಸಿಕ್ಕಿಕೊಳ್ಳುತ್ತದೆ. ಮೊಣಕಾಲು ಹಿಡಿದುಕೊಂಡು ಏಳುತ್ತೇನೆ.

“ಬತ್ತೆ, ಬತ್ತೆ.”

ಮೊನ್ನೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿರಬೇಕು. ಗೋಡೆಯಾಚೆಯ ದಿನಸಿ ಅಂಗಡಿಯ ಬ್ಯಾರಿ ಸಾಹುಕಾರರು ಕೂಗಿ ಕೇಳಿದರು, ಯಾರು ಕರೆದದ್ದು ಎಂದು.

ಯಾರೂ ಇಲ್ಲ ಎಂದು ಹೇಳಿ, ಪಿನ್ನು ಎತ್ತಿ ಮುಂದಿಟ್ಟೆ.