ಗಂಜಿ ಕುಡಿದ ಕರಿಬೇವು

ಮೊನ್ನೆ ವಿದ್ಯಾಗಿರಿಯ ನನ್ನ ಮನೆಯಲ್ಲಿ ಹತ್ತಿ ಸೀರೆಗೆಂದು ಗಂಜಿ ಕಾಸುತ್ತಿದ್ದೆ. ಪಾತ್ರೆಯಿಂದ ಆ ಬಿಸಿ ಹಿಟ್ಟಿನ ವಾಸನೆ ಎದ್ದದ್ದೇ ತಡ, ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಇಳಕಲ್ಲಿನ ನಮ್ಮ ಅಜ್ಜನ ಮನೆಯ ವಾಸನೆ ಅದು. ನೇಕಾರರ ಮನೆ. ನಡುಮನೆಯಲ್ಲಿ ಕುಣಿಮಗ್ಗ, ಬೆಳಿಗ್ಗೆ ಎದ್ದರೆ ಓಣಿಯುದ್ದಕ್ಕೂ ಹಾಸಿದ ಎಳೆಗಳಿಗೆ ಅಜ್ಜ ಕುಂಚದಿಂದ ಗಂಜಿ ಹಚ್ಚುತ್ತಿದ್ದ. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ನೀವು ಆಡಿ ಬೆಳೆದ ಮನೆಯೂ ಹೀಗೇ ಯಾವುದೋ ಅಂಗಡಿಯಾಗಿದ್ದರೆ ನನ್ನ ಸಂಕಟವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾಳಿಗೆಯ ಮೇಲೆ ನೀಲತ್ತೆಯ ತೋಟವಿತ್ತು. ಅಪ್ಪನ ತಂಗಿ ಆಕೆ; ಗಂಡ ತೀರಿಕೊಂಡ ಮೇಲೆ ಮರೋಳದಿಂದ ತವರಿಗೆ ಬಂದವಳು. ತೋಟವೆಂದರೆ ಎಣ್ಣೆಯ ತಗಡಿನ ಡಬ್ಬಿಗಳು, ತೂತು ಬಿದ್ದ ಬಕೆಟ್ಟುಗಳು, ಬಾಯಿ ಒಡೆದ ಒಂದು ಕೊಡ. ಒಂದರಲ್ಲಿ ಪುದೀನ, ಒಂದರಲ್ಲಿ ಕೊತ್ತಂಬರಿ, ಇನ್ನೊಂದರಲ್ಲಿ ಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುವ ದಪ್ಪ ಅಜವಾನದ ಎಲೆ. ಬಿಸಿಲು ಏರುವ ಮುನ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿವುಟುವುದನ್ನು ಕಲಿಸುತ್ತಿದ್ದಳು. "ಎಲಿ ಹರೀಬ್ಯಾಡ, ಗಿಣ್ಣಿನ ಮ್ಯಾಲ ಕುಡಿ ಚಿವುಟು. ಒಂದು ಹೋದ್ರ ಎರಡು ಒಡೀತಾವ," ಎನ್ನುತ್ತಿದ್ದಳು. ನಾನು ಅಳುಕಿದರೆ, "ಹಿಂಗ ಅಂಜಿದ್ರ ಚಟ್ನಿಗೆ ನಿನ್ನ ಜಡಿ ರುಬ್ಬಲೇನ?" ಎಂದು ನಗುತ್ತಿದ್ದಳು.

ಆದರೆ ಮೂಲೆಯ ಒಂದು ಡಬ್ಬಿಗೆ ಮಾತ್ರ ಆಕೆಯ ಉಗುರು ತಾಗಿರಲಿಲ್ಲ. ಅದರಲ್ಲಿದ್ದದ್ದು ಕರಿಬೇವು. ಮದುವೆಯಾದ ವರ್ಷ ಆಕೆಯ ಗಂಡ, ನನ್ನ ಮಾವ, ಕೈಯಾರೆ ನೆಟ್ಟದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಆಕೆ ಬಸ್ಸಿನಲ್ಲಿ ತವರಿಗೆ ಬಂದಿದ್ದಳು. ಅವನದೆಂದು ಆಕೆಯ ಬಳಿ ಉಳಿದದ್ದು ಅದೊಂದೇ. ಕತ್ತರಿ ಕಾಣದ ಗಿಡ ಸಣಕಲಾಗಿ ಬೆಳೆದು, ತುದಿಯಲ್ಲಿ ನಾಲ್ಕು ಎಸಳು ಹೊತ್ತು ಗಾಳಿಗೆ ಬಾಗುತ್ತಿತ್ತು. ಮನೆಯ ಒಗ್ಗರಣೆಗೆ ಕರಿಬೇವು ಸಂತೆಯಿಂದಲೇ ಬರುತ್ತಿತ್ತು. ಅದೇಕೆಂದು ಯಾರೂ ಕೇಳುತ್ತಿರಲಿಲ್ಲ.

ನನಗೋ ಆ ಗಿಡ ಎಲ್ಲಿ ಮುರಿದೀತೋ ಎಂಬ ಚಿಂತೆ. ಎಳೆ ಹರಿಯದಿರಲೆಂದು ಗಂಜಿ ಹಚ್ಚುತ್ತಾರೆಂದು ಅಜ್ಜ ಹೇಳಿದ್ದು ತಲೆಯಲ್ಲಿತ್ತು. ಎಳೆಗೆ ಬಲ ಕೊಡುವುದು ಗಿಡಕ್ಕೆ ಕೊಡದೇ ಇದ್ದೀತೆ? ನೇಕಾರರ ಮನೆಯ ಕೂಸಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಇಂಥ ಬುದ್ಧಿ! ಉಳಿದ ಗಂಜಿಯನ್ನು ದಿನಾಲೂ ಒಂದೊಂದು ಚರಿಗೆ ಕದ್ದೊಯ್ದು ಬುಡಕ್ಕೆ ಸುರಿದೆ, ಕಾಂಡಕ್ಕೂ ಬಳಿದೆ. ವಾರ ಕಳೆಯುವಷ್ಟರಲ್ಲಿ ಮಣ್ಣು ಹಳಸಿ ನಾರತೊಡಗಿತು, ಇರುವೆ ಮುತ್ತಿದವು, ಎಲೆಗಳು ಹಳದಿಯಾಗಿ ಉದುರಿದವು. ನಾನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ.

ನೀಲತ್ತೆ ಬೈಯಲಿಲ್ಲ. ಡಬ್ಬಿ ಬೋರಲು ಮಾಡಿ, ಬೇರು ತೊಳೆದು, ಕೊಳೆತದ್ದನ್ನು ತೆಗೆದು ಹೊಸ ಮಣ್ಣಿನಲ್ಲಿ ನೆಟ್ಟಳು. ಆಮೇಲೆ ಕತ್ತರಿ ತಂದು ಕಾಂಡಕ್ಕೆ ಇಟ್ಟಳು, ಮತ್ತೆ ತೆಗೆದಳು.

"ಕತ್ತರಸಲಿಲ್ಲಂದ್ರ ಏನಾಗ್ತೈತಿ, ಅತ್ತಿ?" ಎಂದೆ.

"ಸಾಯ್ತೈತಿ," ಎಂದವಳೇ ಗೇಣುದ್ದ ಉಳಿಸಿ ಕತ್ತರಿಸಿಬಿಟ್ಟಳು.

ಆ ಬೋಳು ಕಡ್ಡಿಯನ್ನು ದಿನಾ ಬೆಳಿಗ್ಗೆ ಇಬ್ಬರೂ ಹೋಗಿ ನೋಡುತ್ತಿದ್ದೆವು. ಮೂರು ವಾರ ಏನೂ ಇಲ್ಲ. ನಾನು ದೇವರಿಗೆ ಹೊರದ ಹರಕೆಯಿರಲಿಲ್ಲ. ಆಮೇಲೊಂದು ದಿನ ಗಿಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು, ಒಂದಲ್ಲ, ಮೂರು ಕಡೆ. ಶ್ರಾವಣದ ಹೊತ್ತಿಗೆ ಡಬ್ಬಿ ತುಂಬ ಪೊದೆ. "ಇಷ್ಟು ವರ್ಷ ಇದಕ್ಕ ಕತ್ತರಿ ಹಚ್ಚಾಕ ನನಗ ಧೈರ್ಯ ಬಂದಿರಲಿಲ್ಲ. ನೀ ಹಚ್ಚಿಸಿದಿ ನೋಡು," ಎಂದು ನೀಲತ್ತೆ ನನ್ನ ಕೆನ್ನೆ ಸವರಿದಳು. ಆಕೆ ಹೋಗಿ ಬಹಳ ವರ್ಷವಾಯಿತು. ನನ್ನ ಕೈಯಿಂದಾದ ಅಪರಾಧವನ್ನು ಉಪಕಾರವೆಂದು ತಿರುಗಿಸಿ ಕೊಟ್ಟ ಆ ಹೆಂಗಸಿಗೆ ನಾನು ಜೀವನಪೂರ್ತಿ ಋಣಿ.

ಕೆನ್ನೆ ಸವರಿದ ಆ ದಿನವೇ ಆಕೆ ಮೊದಲ ಸಲ ಆ ಗಿಡದ ಎಸಳು ಮುರಿದು ಸಾರಿಗೆ ಒಗ್ಗರಣೆ ಕೊಟ್ಟಳು. ಕರಿಬೇವನ್ನು ತಟ್ಟೆಯ ಬದಿಗೆ ಸರಿಸಿ ಉಣ್ಣುವುದು ನಮ್ಮೆಲ್ಲರ ರೂಢಿ. ಅಂದು ಊಟ ಮುಗಿದಾಗ ಅಜ್ಜ, ಅಪ್ಪ, ಅವ್ವ ಯಾರ ತಟ್ಟೆಯಲ್ಲೂ ಒಂದೇ ಒಂದು ಎಲೆ ಉಳಿದಿರಲಿಲ್ಲ.